ಸರದಿಯಲ್ಲಿಟ್ಟ ಕೊಡ

‘ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ?’

ಈ ಗಾದೆಯನ್ನು ನಮ್ಮ ಕಡೆ ಹೆಚ್ಚಾಗಿ ಹಟದಲ್ಲಿ ಆಡುತ್ತಾರೆ. ಇವತ್ತು ತಪ್ಪಿಸಿಕೊಂಡವಳು ನಾಳೆ ಸಿಕ್ಕೇ ಸಿಗುತ್ತಾಳೆ, ಎಲ್ಲಿಗೆ ಹೋದಾಳು ಎಂಬ ಸವಾಲು ಅದರಲ್ಲಿದೆ. ಸಾಲ ಕೊಟ್ಟವನೂ ಆಡುತ್ತಾನೆ, ಜಗಳ ಬಾಕಿ ಉಳಿಸಿಕೊಂಡ ನೆಗೆಣ್ಣಿಯೂ ಆಡುತ್ತಾಳೆ. ಆದರೆ ಕಲಬುರಗಿಯ ಸ್ಟೇಶನ್ ಬಜಾರದ ಗೋಡೆಯ ಮೇಲೆ ‘ಕಾಣೆಯಾಗಿದ್ದಾರೆ’ ಎಂಬ ಚೀಟಿ, ಅದರ ಕೆಳಗೊಂದು ಮುದಿಮುಖ ಕಂಡಾಗಲೆಲ್ಲ ಇದೇ ಗಾದೆ ನನಗೆ ಬೇರೆ ದನಿಯಲ್ಲಿ ಕೇಳಿಸುತ್ತದೆ.

ಮೊದಲು ‘ಊರಿಗೆ ಬಂದವಳು’. ಊರಲ್ಲಿ ಹುಟ್ಟಿದವಳಲ್ಲ, ಬಂದವಳು. ಲಗ್ನವಾಗಿ ಬಂದಿರಬಹುದು, ಗುಳೆ ಬಂದಿರಬಹುದು, ದಾರಿ ತಪ್ಪಿ ಇಳಿದಿರಬಹುದು. ಯಾಕೆ ಬಂದಳೆಂದು ಗಾದೆ ಕೇಳುವುದಿಲ್ಲ. ಕಲಬುರಗಿಯಂತೂ ಬಂದವರ ಊರು. ಸೂಫಿ ಸಂತ ಖ್ವಾಜಾ ಬಂದೇ ನವಾಜರು ತೈಮೂರನ ದಾಳಿಯ ಕಾಲಕ್ಕೆ, 1398ರಲ್ಲಿ, ದೆಹಲಿ ಬಿಟ್ಟಾಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಬಹಮನಿ ಸುಲ್ತಾನ ಫಿರೋಜ್ ಶಹಾನ ಆಳಿಕೆಯಲ್ಲಿ ಇಲ್ಲಿಗೆ ಬಂದು ನೆಲೆಸಿ, 1422ರಲ್ಲಿ ಇಲ್ಲಿಯೇ ಮಣ್ಣಾದರು. ಪರವೂರಿಂದ ಬಂದ ಒಬ್ಬ ವಯೋವೃದ್ಧರ ಗೋರಿಯ ಮುಂದೆ ಇಂದಿಗೂ ತಲೆಬಾಗುವ ಊರಿದು.

ಆಮೇಲೆ ರೈಲು ಬಂತು. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಬೀದರ್ ಮಾರ್ಗ ಶುರುವಾದದ್ದು 2017ರ ಅಕ್ಟೋಬರ್ 29ರಂದು. ಕೆಂಪು ಬಾಳೆಯ ಕಮಲಾಪುರಕ್ಕೂ ಒಂದು ನಿಲ್ದಾಣವಾಯಿತು. ಕಮಲಾಪುರದಲ್ಲಿ ಹತ್ತಿದ ಮುದುಕಿ ಕಲಬುರಗಿಯಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರ್ಮ್ ತಪ್ಪಿದರೆ ಸಾಕು, ಸೋಲಾಪುರದ ಕಡೆ ಹೋಗಬೇಕಾದವಳು ವಾಡಿಯ ಕಡೆ ಹೋಗುತ್ತಾಳೆ. ಓದು ಬಾರದವಳಿಗೆ, ಮರೆವು ಹತ್ತಿದವಳಿಗೆ ಮುಂದಿನ ನಿಲ್ದಾಣಗಳೆಲ್ಲ ಒಂದೇ ಥರ.

ಇನ್ನು ‘ನೀರು’. ಗಾದೆಯ ಜೀವ ಇರುವುದು ಇಲ್ಲಿ. ಹಳ್ಳಿಯ ಬೋರಿಂಗಿನ ಮುಂದೆ ಹಾಜರಿ ಪುಸ್ತಕ ಇರುವುದಿಲ್ಲ, ಕೊಡಗಳ ಸಾಲು ಇರುತ್ತದೆ. ಅದರಲ್ಲಿ ಒಂದು ನೆಗ್ಗಿದ ಕೊಡ, ಗುರುತಿಗೆಂದು ಕೊರಳಿಗೆ ಹಳೇ ಸೀರೆಯ ಅಂಚು ಕಟ್ಟಿದ್ದು. ಸರದಿ ಬಂದರೂ ಕೊಡದ ಒಡತಿ ಬಂದಿಲ್ಲ. ಹಿಂದಿನವರು ಬೈಯುತ್ತಲೇ ಅದನ್ನು ತುಂಬಿ ಪಕ್ಕಕ್ಕಿಡುತ್ತಾರೆ. ಆಮೇಲೆ ಒಬ್ಬಳು ಕೇಳುತ್ತಾಳೆ: ‘ಆಯಿ ಎಲ್ಲ್ಯಾಳ? ಮುಂಜಾನಿಂದ ಕಂಡೇ ಇಲ್ಲಲ್ಲ.’ ಇನ್ನೊಬ್ಬಳು ಸೆರಗು ಕೊಡವಿಕೊಂಡು ಹೋಗಿ ಬಾಗಿಲು ತಟ್ಟುತ್ತಾಳೆ. ಕಾಣೆಯಾದವರ ಹುಡುಕಾಟ ಶುರುವಾಗುವುದು ಆ ಗಳಿಗೆಗೆ. ಠಾಣೆ, ಅರ್ಜಿ, ಫೋಟೊ ಎಲ್ಲ ಆಮೇಲಿನವು.

ಬಜಾರದಲ್ಲಿ ಆ ಸಾಲು ಇಲ್ಲ. ಬಾಟಲಿಯ ನೀರು ಕೊಂಡವಳ ಮುಖವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಿಲ್ದಾಣದೊಳಗೆ ರೈಲ್ವೆ ಪೊಲೀಸರು, ಹೊರಗೆ ಬಜಾರದ ಠಾಣೆ, ಮಧ್ಯೆ ಆಟೋ ಸ್ಟ್ಯಾಂಡು. ಹಿರಿಯರಿಗಾಗಿಯೇ 14567 ಎಂಬ ಸಹಾಯವಾಣಿಯೂ ಇದೆ. ಆದರೆ ಆ ಸಂಖ್ಯೆ ಒತ್ತಬೇಕಾದವರು ಮೊದಲು ಅವಳು ಬಂದಿಲ್ಲ ಎಂಬುದನ್ನು ಗಮನಿಸಿರಬೇಕಲ್ಲ?

ಪೊಲೀಸ್ ಪ್ರಕಟಣೆಯನ್ನು ನಾನು ಪೂರ್ತಿ ಓದುತ್ತೇನೆ. ಎತ್ತರ ಇಷ್ಟು ಅಡಿ, ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ಹಸಿರು ಸೀರೆ. ಇಷ್ಟರಲ್ಲಿ ಸಾವಿರ ಮುದುಕಿಯರು ಹಿಡಿಸುತ್ತಾರೆ. ಕೊನೆಯ ಸಾಲು ಮಾತ್ರ ಬೇರೆ: ‘ಮಾತನಾಡುವ ಭಾಷೆ’.

ಆ ಒಂದು ಸಾಲಿನ ಬೆಲೆ 2024ರ ಡಿಸೆಂಬರಿನಲ್ಲಿ ಕನ್ನಡಿಗರಿಗೆಲ್ಲ ತಿಳಿಯಿತು. ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ಭಂಗ್ರೋಟು ವೃದ್ಧಾಶ್ರಮದಲ್ಲಿ ಕಲ್ಯಾಣ ಕರ್ನಾಟಕದ ಹೆಣ್ಣುಮಗಳೊಬ್ಬರಿದ್ದರು. ಎರಡು ದಶಕಕ್ಕೂ ಹಿಂದೆ ತಪ್ಪು ರೈಲು ಹತ್ತಿ ಉತ್ತರಕ್ಕೆ ಹೋದವರು. ಅವರಾಡುವ ಮಾತು ಸುತ್ತಲಿನವರಿಗೆ ತಿಳಿಯದು. ಭೇಟಿಗೆ ಬಂದ ಅಧಿಕಾರಿಯೊಬ್ಬರು ಇದು ಕನ್ನಡ ಎಂದು ತಿಳಿದು, ಅಲ್ಲಿಯೇ ನೌಕರಿಯಲ್ಲಿದ್ದ ಕನ್ನಡದ ಅಧಿಕಾರಿಗಳಿಂದ ಮಾತಾಡಿಸಿದರು. ಊರಿನ ಹೆಸರು ಹೊರಬಂತು. ಇಲ್ಲಿ ಮನೆಯವರು ಆಕೆ ತೀರಿಕೊಂಡರೆಂದು ತಿಥಿಯನ್ನೂ ಮಾಡಿ ಮುಗಿಸಿದ್ದರು. ಆಕೆಯ ನೆನಪಿನಲ್ಲಿ ಮಕ್ಕಳಿನ್ನೂ ಚಿಕ್ಕವರು. ಅಷ್ಟು ವರ್ಷ ಆಕೆ ಅನ್ನ ಕೇಳಿರಬೇಕು, ಮಕ್ಕಳ ಹೆಸರು ಹೇಳಿರಬೇಕು, ಅತ್ತಿರಬೇಕು. ಎಲ್ಲವೂ ಕನ್ನಡದಲ್ಲೇ. ನೀರಿನ ಹತ್ತಿರ ದಿನವೂ ಬಂದವರು ಆಕೆ. ಗುರುತು ಹಿಡಿಯುವವರು ಅಲ್ಲಿರಲಿಲ್ಲ.

ತಿಥಿ ಮಾಡಿದ ಮನೆಯವರನ್ನು ನಾನು ದೂರಲಾರೆ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾರೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕೆಂದು ಕಾನೂನೂ ಹೇಳುತ್ತದೆ. ಹಿಂದಿನ ಸಾಕ್ಷ್ಯ ಕಾಯ್ದೆಯ 108ನೇ ಕಲಂ, 2024ರ ಜುಲೈನಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111. ಹೊಲ, ಪಿಂಚಣಿ, ವಾರಸಾ ತೀರ್ಮಾನಕ್ಕೆ ಅದು ಬೇಕು, ಒಪ್ಪುತ್ತೇನೆ. ಆದರೆ ಕಾಗದದಲ್ಲಿ ತೀರಿಕೊಂಡವಳಿಗೆ ಬಾಯಾರಿಕೆ ನಿಲ್ಲುವುದಿಲ್ಲ. ಈ ಏಳು ವರ್ಷವನ್ನು ಆ ತಾಯಿ ಎರಡು ಸಲಕ್ಕೂ ಹೆಚ್ಚು ದಾಟಿ ಬಂದರು. ಸಿಗದೆ ಉಳಿದವರಲ್ಲಿ ಎಷ್ಟು ಜನ ಹೀಗೆ ದಾಟುತ್ತಿದ್ದಾರೋ, ಆ ಯೋಚನೆ ನನ್ನನ್ನು ಬಿಡುವುದಿಲ್ಲ.

ಕೊನೆಗೆ ‘ಬಾರದೆ ಇರ್ತಾಳಾ’. ಗಾದೆ ಪ್ರಶ್ನೆಯಾಗಿ ನಿಂತಿದೆ, ನಾವು ಅದನ್ನು ಉತ್ತರದಂತೆ ಆಡುತ್ತ ಬಂದೆವು. ಬರುತ್ತಾಳೆ ಬಿಡು ಎಂದು ಸುಮ್ಮನಾದೆವು. ಯಾರಾದರೂ ಮುದುಕರು ಕಾಣೆಯಾದರೆ ನಾನು ಮೊದಲು ಹೇಳುವುದು ಶರಣಬಸವೇಶ್ವರ ಗುಡಿಯ ದಾಸೋಹಕ್ಕೆ ಹೋಗಿ, ದರ್ಗಾದ ಬಾಗಿಲಿಗೆ ಹೋಗಿ, ಪ್ಲಾಟ್‌ಫಾರ್ಮಿನ ನಳದ ಹತ್ತಿರ ನಿಲ್ಲಿ ಎಂದು. ಹಸಿವು, ನೀರಡಿಕೆ ಮನುಷ್ಯರನ್ನು ಅಲ್ಲಿಗೇ ತರುತ್ತವೆ. ಫೋಟೊ ತೋರಿಸಿ, ಯಾವ ಭಾಷೆ ಆಡುತ್ತಾರೆಂದು ಹೇಳಿ. ಗುರುತಿಲ್ಲದ ಮುದುಕಿ ಅಲ್ಲಿ ಕೂತಿದ್ದರೆ ಪಕ್ಕದಲ್ಲಿ ಕೂತು ನಿಮಗೆ ಬರುವ ಭಾಷೆಗಳಲ್ಲೆಲ್ಲ ಒಂದೊಂದಾಗಿ ಕೇಳಿ: ‘ಆಯಿ, ಯಾವೂರು ನಿಮ್ದು?’