ಆಲಿಸುವ ಧರ್ಮ

ಬೋಧಕನ ಮೊದಲನೆಯ ಕರ್ತವ್ಯವು ನುಡಿಯುವುದೋ, ಆಲಿಸುವುದೋ? ಪ್ರಶ್ನೆಯು ಮೇಲುನೋಟಕ್ಕೆ ವಿಚಿತ್ರವಾಗಿ ತೋರಬಹುದು. ಉಪದೇಶಕ್ಕೆಂದೇ ನಿಯಮಿತನಾದವನು ಬಾಯಿ ಮುಚ್ಚಿ ಕುಳಿತರೆ ಅವನ ಕೆಲಸವೇನು ಉಳಿಯಿತು ಎಂದು ಯಾರಾದರೂ ಕೇಳಿಯಾರು. ಆದರೆ ಕನ್ನಡ ನಾಡಿನ ಕ್ರೈಸ್ತ ಬೋಧಕರ ಚರಿತ್ರೆಯು ಇದಕ್ಕೆ ಬೇರೊಂದು ಉತ್ತರವನ್ನು ಕೊಡುವುದು.

ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಯಂತ್ರವನ್ನು ಸ್ಥಾಪಿಸಿದುದು ತಮ್ಮ ಮತದ ಮಾತನ್ನು ದೂರ ಮುಟ್ಟಿಸುವುದಕ್ಕಾಗಿ. ಆದರೆ ಪರರಿಗೆ ಹೇಳಬೇಕಾದರೆ ಪರರ ನುಡಿಯನ್ನು ಕಲಿಯಬೇಕು, ಕಲಿಯಬೇಕಾದರೆ ಕಿವಿಗೊಡಬೇಕು. ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಮುಂದೆ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು. ೧೮೯೪ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದಿತು. ಹೇಳುವುದಕ್ಕೆಂದು ಬಂದ ಯಂತ್ರವು ಕೇಳಿದುದನ್ನು ಉಳಿಸುವ ಸಾಧನವಾಯಿತು.

ಈ ಗುಣವು ಪರಿಪಕ್ವವಾದುದು ರೆವರೆಂಡ್ ಉತ್ತಂಗಿ ಚನ್ನಪ್ಪನವರಲ್ಲಿ (೧೮೮೧–೧೯೬೨). ಕ್ರೈಸ್ತ ಸಭೆಯ ಪಾಲಕರಾಗಿದ್ದುಕೊಂಡೇ ಅವರು ಸರ್ವಜ್ಞನ ತ್ರಿಪದಿಗಳನ್ನು ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಕೂಡಿಹಾಕಿ, ೧೯೨೪ರಲ್ಲಿ ಪ್ರಕಟಿಸಿದರು. ಇದರಿಂದ ಅವರ ಸಭೆಗೆ ಒಂದು ತಲೆಯಾದರೂ ಹೆಚ್ಚುವಂತಿರಲಿಲ್ಲ. ನೆರೆಯವರ ಸೊತ್ತು ನೆರೆಯವರಿಗೆ ಮರಳಿ ದೊರೆಯಿತು, ಅಷ್ಟೇ. ಎಲ್ಲರಿಗೂ ಕಿವಿಗೊಟ್ಟರೆ ಸ್ವಂತ ಶ್ರದ್ಧೆಯು ಸಡಿಲವಾದೀತೆಂಬ ಶಂಕೆಗೆ ಅವರ ಬಾಳೇ ಸಮಾಧಾನ. ಅವರು ಕೊನೆಯವರೆಗೂ ಕ್ರೈಸ್ತರಾಗಿಯೇ ಉಳಿದರು; ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಅಲುಗುವ ಬೇರಿನ ಮರವೇ ಗಾಳಿಗೆ ಅಂಜುವುದು.

ಈ ಕಾಲದ ಯಂತ್ರವು ಪ್ರತಿಯೊಬ್ಬನ ಜೇಬಿನಲ್ಲಿದೆ. ಅದರ ದೆಸೆಯಿಂದ ಎಲ್ಲರೂ ಬೋಧಕರಾಗಿರುವರು. ಆಲಿಸುವವರು ಮಾತ್ರ ಹೆಚ್ಚಲಿಲ್ಲ. ಒಂದು ಮತದವರ ವಿಷಯವಾಗಿ ಹುಟ್ಟಿದ ಸುಳ್ಳು ಸುದ್ದಿಯು ಸಂಜೆಯೊಳಗೆ ಜಿಲ್ಲೆಯನ್ನೆಲ್ಲಾ ಸುತ್ತಬಲ್ಲದು; ಆ ಮತದವನ ಮನೆಗೆ ಹೋಗಿ ವಿಚಾರಿಸುವುದಕ್ಕೆ ಮಾತ್ರ ಹಿಂದಿನಂತೆಯೇ ಕಾಲುಗಳೇ ನಡೆಯಬೇಕು.

ಇದರ ಕಠಿಣ ಪರೀಕ್ಷೆಯು ಗ್ರಂಥಗಳಲ್ಲಿ ಅಲ್ಲ, ನೊಂದವರ ನಡುವೆ ನಡೆಯುವುದು. ಹರಿಹರ ಸೀಮೆಯ ಉಕ್ಕಡಗಾತ್ರಿಗೆ, ತುಂಗಭದ್ರೆಯ ತಟದಲ್ಲಿರುವ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ, ದೆವ್ವ ಹಿಡಿದಿದೆಯೆಂದು ಮನೆಯವರು ನಂಬಿದವರನ್ನು ಕರೆತರುವ ವಾಡಿಕೆಯುಂಟು. ಇದನ್ನು ಕಂಡು ಮೂಢತೆಯೆಂದು ನಕ್ಕು ನಡೆಯುವ ವಿದ್ಯಾವಂತನೂ, ಔಷಧವೇ ಬೇಡವೆನ್ನುವ ಭಕ್ತನೂ ಒಂದೇ ತಪ್ಪನ್ನು ಮಾಡುವರು: ಇಬ್ಬರೂ ಎದುರಿಗಿರುವವಳ ಮಾತನ್ನು ಕೇಳರು. ಊರಿನಲ್ಲಿ ಯಾರೂ ಕೇಳದ ಸಂಕಟವನ್ನು ಹೊತ್ತು ಆಕೆ ಅಷ್ಟು ದೂರ ಬಂದಿರಬಹುದು.

ಆದರೆ ಆಲಿಸುವುದೆಂದರೆ ಎಲ್ಲದಕ್ಕೂ ತಲೆದೂಗುವುದಲ್ಲ. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸಂಕೋಲೆ ಹಾಕಿದ್ದ ೨೮ ಮಂದಿ ಮನೋರೋಗಿಗಳು ಬೆಂಕಿಯಲ್ಲಿ ಬೆಂದು ಸತ್ತರು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಸಂಕೋಲೆಯನ್ನು ಸ್ಪಷ್ಟವಾಗಿ ನಿಷೇಧಿಸಿರುವುದು. ಸಂಕೋಲೆಗೆ ಯಾವ ಶ್ರದ್ಧೆಯೂ ಸಾಕ್ಷಿ ನುಡಿಯಲಾಗದು. ಇದೇ ನದಿಯ ಕೆಳಗಣ ಬಳ್ಳಾರಿ ಜಿಲ್ಲೆಯಲ್ಲಿ ೧೯೮೫ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಹಳ್ಳಿಯ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋರೋಗದ ಚಿಕಿತ್ಸೆಯನ್ನು ಕಲಿಸಿದರು. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಎಳೆತರುವುದಕ್ಕೆ ಬದಲಾಗಿ ವೈದ್ಯವೇ ರೋಗಿಯ ಊರಿಗೆ ಹೋಯಿತು. ಚನ್ನಪ್ಪನವರು ಪದ್ಯಕ್ಕಾಗಿ ಮಾಡಿದುದೂ ಇದನ್ನೇ.

ಬೋಧಕನಾಗಲಿ ವೈದ್ಯನಾಗಲಿ, ಎದುರಿಗಿರುವವರ ಮಾತು ಮುಗಿಯುವವರೆಗೆ ತಾಳಿದ ಮೇಲೆಯೇ ಅವನ ಮಾತಿಗೆ ಅಧಿಕಾರ ಬರುವುದು. ಯಂತ್ರವು ಅಧಿಕಾರದ ದನಿಯನ್ನು ಹೆಚ್ಚಿಸೀತು, ಅಧಿಕಾರವನ್ನು ತಂದುಕೊಡಲಾರದು.