ಎಂಜಿನ್ ಕೇಳಿದಷ್ಟು ಆಕ್ಟೇನ್

ಪೆಟ್ರೋಲ್ ಬಂಕಿನಲ್ಲಿ ಕಾರಿನ ರೂಪ ನೋಡಿ ಪ್ರಶ್ನೆ ಬದಲಾಗುತ್ತದೆ. ಮನೆಮಂದಿಯೆಲ್ಲ ಕೂತ ಸಣ್ಣ ಕಾರಿಗೆ ‘ಎಷ್ಟಕ್ಕೆ ಹಾಕ್ಲಿ ಸಾರ್, ಝೀರೊ ನೋಡ್ಕೊಳ್ಳಿ’ ಎಂದಷ್ಟೇ ಹೇಳುವ ಹುಡುಗ, ನೆಲಕ್ಕೆ ತಾಗಿದಂತಿರುವ ಎರಡು ಬಾಗಿಲಿನ ಸ್ಪೋರ್ಟ್ಸ್ ಕೂಪೆ ಬಂದು ನಿಂತರೆ ‘ನೈಂಟಿಫೈವ್ ಹಾಕ್ಲಾ, ಹಂಡ್ರೆಡ್ ಹಾಕ್ಲಾ?’ ಅನ್ನುತ್ತಾನೆ. ಇಷ್ಟು ದುಡ್ಡು ಸುರಿದು ತಂದ ಕಾರಿಗೆ ಇದ್ದುದರಲ್ಲೇ ದೊಡ್ಡ ಸಂಖ್ಯೆಯ ಪೆಟ್ರೋಲ್ ಹಾಕಿದರೆ ಪಿಕಪ್ಪೂ ಹೆಚ್ಚು, ಮೈಲೇಜೂ ಹೆಚ್ಚು ಎಂದು ಅನೇಕರು ಮನಸಾರೆ ನಂಬಿದ್ದಾರೆ. ಇನ್ನು ಕೆಲವರದು ಅದರ ತದ್ವಿರುದ್ಧ. ‘ಎಲ್ಲ ಒಂದೇ ಪೆಟ್ರೋಲು, ಹೆಸರು ಬೇರೆ ಅಷ್ಟೆ’ ಎಂದು ಸಿಕ್ಕಿದ್ದನ್ನು ತುಂಬಿಸಿಕೊಂಡು ಹೊರಡುತ್ತಾರೆ. ಕಾರಿನ ಜೊತೆ ಬಂದ ಕೈಪಿಡಿಯನ್ನು, ಪೆಟ್ರೋಲ್ ಮುಚ್ಚಳದ ಒಳಬದಿಗೆ ಅಂಟಿಸಿದ ಚೀಟಿಯನ್ನು ಇಬ್ಬರೂ ಓದಿರುವುದಿಲ್ಲ.

ಆಕ್ಟೇನ್ ಸಂಖ್ಯೆ ಪೆಟ್ರೋಲಿನ ಕಸುವನ್ನು ಅಳೆಯುವುದಿಲ್ಲ. ಒತ್ತಡ ಮತ್ತು ಬಿಸಿಯನ್ನು ತಾಳಿಕೊಂಡು, ತಾನಾಗಿ ಹೊತ್ತಿಕೊಳ್ಳದೆ ಎಷ್ಟರ ಮಟ್ಟಿಗೆ ಕಾಯಬಲ್ಲದು ಎಂಬುದನ್ನು ಮಾತ್ರ ಹೇಳುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಅಲ್ಲಿಂದ ಹೊರಟ ಉರಿ ಮಿಶ್ರಣದುದ್ದಕ್ಕೂ ಹರಡುತ್ತ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ದೂರದ ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಪಾಲು ಆ ಹೊತ್ತಿಗೆ ವಿಪರೀತ ಬಿಸಿಯಾಗಿರುತ್ತದೆ. ಉರಿ ಬಂದು ಮುಟ್ಟುವ ತನಕ ಅದು ಕಾದರೆ ಸರಿ. ಕಾಯಲಾರದೆ ಒಮ್ಮೆಲೇ ಸಿಡಿಯಿತೋ, ಲೋಹಕ್ಕೆ ಲೋಹ ಬಡಿದ ಹಾಗೆ ಟಿಣ್ ಟಿಣ್ ಸದ್ದು. ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದನ್ನೇ. ಸುರುಸುರುಬತ್ತಿ ಉರಿಯುವುದಕ್ಕೂ ಲಕ್ಷ್ಮಿ ಪಟಾಕಿ ಸಿಡಿಯುವುದಕ್ಕೂ ಇರುವ ಅಂತರ ಅದು. ಬಹಳ ದಿನ ಹೀಗೆ ಪೆಟ್ಟು ತಿಂದ ಪಿಸ್ಟನ್ ತೂತಾಗುವುದೂ ಉಂಟು.

ಅಳತೆಗೋಲು ಸರಳವಾಗಿದೆ. ಐಸೊ-ಆಕ್ಟೇನ್ ಎಂಬ ದ್ರವ ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ, ಅದಕ್ಕೆ 100. ಹೆಪ್ಟೇನ್ ಬಲು ಬೇಗ ಸಿಡಿಯುತ್ತದೆ, ಅದಕ್ಕೆ ಸೊನ್ನೆ. 91 ಭಾಗ ಐಸೊ-ಆಕ್ಟೇನ್, 9 ಭಾಗ ಹೆಪ್ಟೇನ್ ಬೆರೆಸಿದ ಮಿಶ್ರಣ ಪರೀಕ್ಷೆಯ ಎಂಜಿನ್ನಿನಲ್ಲಿ ಎಷ್ಟು ತಾಳುತ್ತದೋ ಅಷ್ಟೇ ತಾಳುವ ಪೆಟ್ರೋಲಿಗೆ 91 ಎಂಬ ಸಂಖ್ಯೆ. ಅಮೆರಿಕದಿಂದ ಊರಿಗೆ ಮರಳಿದ ನಮ್ಮವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಭಾರತದಲ್ಲಿ, ಯುರೋಪಿನಲ್ಲಿ ಬಳಸುವುದು ರಿಸರ್ಚ್ ಆಕ್ಟೇನ್ ಸಂಖ್ಯೆಯನ್ನು. ಅಮೆರಿಕದ ಬಂಕಿನಲ್ಲಿ ಬರೆಯುವುದು ಅದರ ಮತ್ತು ಇನ್ನೂ ಕಠಿಣವಾದ ಮೋಟರ್ ಆಕ್ಟೇನ್ ಸಂಖ್ಯೆಯ ಸರಾಸರಿಯನ್ನು. ಅಲ್ಲಿನ 93 ಇಲ್ಲಿನ ಲೆಕ್ಕದಲ್ಲಿ 97–98 ಆಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 91 ಅಂದರೆ ಪ್ರೀಮಿಯಂ. ಭಾರತದಲ್ಲಿ 91 ಅಂದರೆ ಬಿಎಸ್–6 ನಿಯಮ ವಿಧಿಸಿದ ಕನಿಷ್ಠ ಮಟ್ಟ. ಒಂದೇ ಅಂಕಿ, ಎರಡು ಪೆಟ್ರೋಲ್. ಅಲ್ಲಿ ಓಡಿಸುತ್ತಿದ್ದ ಕೂಪೆಯ ನೆನಪಿನಲ್ಲಿ ಇಲ್ಲಿನ ಕೂಪೆಗೆ 91 ಸಾಕು ಅಂದುಕೊಂಡರೆ ಎಂಜಿನ್ನಿಗೆ ಅನ್ಯಾಯವಾಗುತ್ತದೆ.

ಕೂಪೆಗೆ ಹೆಚ್ಚಿನ ಆಕ್ಟೇನ್ ಯಾಕೆ ಬೇಕು ಎಂಬುದಕ್ಕೆ ಟೊಯೊಟಾ ಜಿಟಿ86 ಒಳ್ಳೆಯ ಉದಾಹರಣೆ. ಟೊಯೊಟಾ, ಸುಬಾರು ಎರಡೂ ಕೂಡಿ ರೂಪಿಸಿ 2012ರಲ್ಲಿ ಮಾರುಕಟ್ಟೆಗೆ ತಂದ ಕಾರು ಅದು. ಎರಡು ಲೀಟರಿನ ಎಂಜಿನ್, ಟರ್ಬೊ ಇಲ್ಲ, ಆದರೂ 200 ಅಶ್ವಶಕ್ತಿ. ಇದರ ಒಂದು ಮುಖ್ಯ ಕಾರಣ 12.5:1ರ ಸಂಕೋಚನ ಅನುಪಾತ. ಹನ್ನೆರಡೂವರೆ ಪಾಲು ಜಾಗದ ಮಿಶ್ರಣವನ್ನು ಒಂದು ಪಾಲಿಗೆ ಒತ್ತಿ ಉರಿಸುತ್ತದೆ. ಹೆಚ್ಚು ಒತ್ತಿದಷ್ಟೂ ಅದೇ ಪೆಟ್ರೋಲಿನ ಬಿಸಿಯಲ್ಲಿ ಹೆಚ್ಚು ಪಾಲು ಚಲನೆಯಾಗುತ್ತದೆ, ಮೈಲೇಜಿಗೂ ಶಕ್ತಿಗೂ ಒಟ್ಟಿಗೇ ಲಾಭ. ಬೆಲೆ ತೆರಬೇಕಾದದ್ದು ಸಿಡಿಯುವ ಅಪಾಯದ ರೂಪದಲ್ಲಿ. ಆದ್ದರಿಂದಲೇ ಯುರೋಪಿನಲ್ಲಿ ಈ ಕಾರು 98 ಆಕ್ಟೇನ್ ಕೇಳುತ್ತದೆ. ಇಂಥ ಎಂಜಿನ್ನಿಗೆ 98 ಹಾಕುವುದು ಶೋಕಿಯಲ್ಲ. ಅದನ್ನು ರೂಪಿಸಿದವರ ಲೆಕ್ಕಾಚಾರವೇ ಅದರ ಮೇಲೆ ನಿಂತಿದೆ.

ಕಡಿಮೆ ಆಕ್ಟೇನ್ ಹಾಕಿದರೆ ಎಂಜಿನ್ ಕೂಡಲೇ ಒಡೆದು ಹೋಗುತ್ತದೆಯೇ? ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ಇಲ್ಲ. ಎಂಜಿನ್ ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಆ ಟಿಣ್ ಸದ್ದಿನ ಕಂಪನವನ್ನು ನಮ್ಮ ಕಿವಿಗಿಂತ ಮೊದಲೇ ಹಿಡಿಯುತ್ತದೆ. ಕಂಪ್ಯೂಟರ್ ಕಿಡಿ ಹಾರುವ ಗಳಿಗೆಯನ್ನು ಕೆಲವು ಡಿಗ್ರಿ ಮುಂದೂಡುತ್ತದೆ. ಸಿಡಿತ ನಿಲ್ಲುತ್ತದೆ, ಎಂಜಿನ್ ಉಳಿಯುತ್ತದೆ. ಆದರೆ ತಡವಾಗಿ ಹೊತ್ತಿದ ಉರಿ ಪಿಸ್ಟನ್ನನ್ನು ತಳ್ಳಬೇಕಾದ ಶಕ್ತಿಯನ್ನು ಬಿಸಿಯಾಗಿ ಸೈಲೆನ್ಸರಿನ ದಾರಿಯಲ್ಲಿ ಕಳೆಯುತ್ತದೆ. ಚಾಲಕನಿಗೆ ಪಿಕಪ್ ಸಾಲದೆಂದು ಅನ್ನಿಸುತ್ತದೆ, ಪೆಡಲ್ ಇನ್ನಷ್ಟು ಒತ್ತುತ್ತಾನೆ, ಮೈಲೇಜ್ ಇಳಿಯುತ್ತದೆ. ಲೀಟರಿನಲ್ಲಿ ಉಳಿಸಿದ ದುಡ್ಡು ಕಿಲೋಮೀಟರಿನಲ್ಲಿ ಸೋರಿಹೋಗುತ್ತದೆ. ಹೆಚ್ಚು ಆಕ್ಟೇನ್ ಕಡ್ಡಾಯ ಎಂದು ಬರೆದ ಕಾರಿನಲ್ಲಿ ಈ ಉಳಿತಾಯ ಮಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಸಿಗೆಯ ಮಧ್ಯಾಹ್ನ ಶಿರಾಡಿ ಘಾಟಿ ಹತ್ತುವಾಗಲಂತೂ ಸೆನ್ಸರಿನ ಮೇಲೆ ಭಾರ ಹಾಕಿ ಟಾಪ್ ಗೇರಿನಲ್ಲೇ ಎಳೆಸಬೇಡಿ. ಕಡಿಮೆ ವೇಗ, ಹೆಚ್ಚು ಹೊರೆ, ಟರ್ಬೊ ಎಂಜಿನ್ ಮೂರೂ ಸೇರಿದರೆ ಸಿಡಿತಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಡ.

‘ಕಡ್ಡಾಯ’ ಅಲ್ಲ, ‘ಶಿಫಾರಸು’ ಎಂದಷ್ಟೇ ಬರೆದಿದ್ದರೆ ಲೆಕ್ಕ ಬೇರೆ. ಅಮೆರಿಕದ ವಾಹನ ಸವಾರರ ಸಂಘ ಎಎಎ 2017ರಲ್ಲಿ ಪ್ರೀಮಿಯಂ ಶಿಫಾರಸು ಇರುವ ಕಾರುಗಳನ್ನು ಎರಡೂ ಬಗೆಯ ಪೆಟ್ರೋಲಿನಲ್ಲಿ ಓಡಿಸಿ ನೋಡಿತು. ಸರಾಸರಿ ಮೈಲೇಜ್ ಹೆಚ್ಚಿದ್ದು ಶೇ 2.7, ಅಶ್ವಶಕ್ತಿ ಹೆಚ್ಚಿದ್ದು ಶೇ 1.4. ಆಗ ಅಲ್ಲಿ ಪ್ರೀಮಿಯಂ ಬೆಲೆ ಮಾಮೂಲಿಗಿಂತ ಶೇ 20ರಿಂದ 25 ಹೆಚ್ಚಿತ್ತು. ಆ ಗುಂಪಿನಲ್ಲಿ ಶಕ್ತಿಯ ಹೆಚ್ಚಳ ಅತಿ ಹೆಚ್ಚು ಕಂಡದ್ದು ಫೋರ್ಡ್ ಮಸ್ಟಂಗ್‌ನಲ್ಲಿ, ಅದೂ ಶೇ 3.2. ಅದಕ್ಕೂ ಒಂದು ವರ್ಷ ಮೊದಲು ಇದೇ ಸಂಘ ಇನ್ನೊಂದು ಲೆಕ್ಕ ಹೇಳಿತ್ತು: ಮಾಮೂಲಿ ಪೆಟ್ರೋಲ್ ಸಾಕು ಎಂದಿರುವ ಕಾರುಗಳಿಗೆ ಪ್ರೀಮಿಯಂ ತುಂಬಿಸಿ ಅಮೆರಿಕದವರು ವರ್ಷಕ್ಕೆ 210 ಕೋಟಿ ಡಾಲರ್ ಪೋಲು ಮಾಡುತ್ತಿದ್ದಾರೆ ಎಂದು. ಎಂಜಿನ್ ಕೇಳದ ಆಕ್ಟೇನ್ ಏನೂ ಕೆಲಸ ಮಾಡದೆ ಉರಿದುಹೋಗುತ್ತದೆ.

ಸಂಖ್ಯೆಗೂ ಶಕ್ತಿಗೂ ನಂಟಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ನಮ್ಮ ಬಂಕಿನಲ್ಲೇ ಇದೆ. 2023ರ ಫೆಬ್ರುವರಿಯಲ್ಲಿ ಶೇ 20 ಎಥನಾಲ್ ಬೆರೆಸಿದ ಇ–20 ಪೆಟ್ರೋಲ್ ಬಿಡುಗಡೆಯಾದದ್ದು ಬೆಂಗಳೂರಿನ ಇಂಧನ ಸಪ್ತಾಹದಲ್ಲಿ. ಈಗ ದೇಶದ ಬಂಕುಗಳಲ್ಲಿ ಅದೇ ಮಾಮೂಲಿ ಪೆಟ್ರೋಲ್ ಆಗಿದೆ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ಬರುವ ಎಥನಾಲ್‌ನ ಆಕ್ಟೇನ್ ಸುಮಾರು 108. ಅದನ್ನು ಬೆರೆಸಿದ್ದರಿಂದ ಮಾಮೂಲಿ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತು. ಆದರೆ ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಲೀಟರ್ ಪೆಟ್ರೋಲಿಗಿಂತ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಡಿಮೆ. ಇ–10ಕ್ಕೆ ಹೊಂದಿಸಿದ ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು. ಆಕ್ಟೇನ್ ಏರಿತು, ಮೈಲೇಜ್ ಇಳಿಯಿತು. ಒಂದೇ ದ್ರವ ಎರಡನ್ನೂ ಒಟ್ಟಿಗೆ ಮಾಡಿತು. ಏರಿದ ಆಕ್ಟೇನನ್ನು ದುಡಿಸಿಕೊಳ್ಳಬಲ್ಲ ಎಂಜಿನ್, ಅಂದರೆ ಹೆಚ್ಚು ಒತ್ತುವ, ಕಿಡಿಯನ್ನು ಬೇಗ ಹಾರಿಸಬಲ್ಲ ಎಂಜಿನ್, ಈ ನಷ್ಟದ ಒಂದಷ್ಟನ್ನು ಮರಳಿ ಪಡೆಯುತ್ತದೆ. ಹಳೆಯ ಎಂಜಿನ್ನಿಗೆ ಆ ದಾರಿಯಿಲ್ಲ.

ಈ ಆಕ್ಟೇನಿಗಾಗಿ ಜಗತ್ತು ತೆತ್ತ ಬೆಲೆಯನ್ನು ನೆನೆಯದೆ ಮುಂದೆ ಹೋಗಲಾರೆ. 1921ರ ಡಿಸೆಂಬರಿನಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಜನರಲ್ ಮೋಟರ್ಸ್‌ನ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ಸೀಸದ ಸಂಯುಕ್ತವೊಂದನ್ನು ಒಂದಿಷ್ಟೇ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡರು. ಆಲ್ಕೋಹಾಲ್ ಕೂಡ ಅದೇ ಕೆಲಸ ಮಾಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಸೀಸ ಅಗ್ಗವಾಗಿತ್ತು, ಪೇಟೆಂಟ್ ಸಿಗುವಂಥದಾಗಿತ್ತು, ಅದನ್ನೇ ಆರಿಸಿದರು. 1923ರಲ್ಲಿ ಅದೇ ಡೇಟನ್ನಿನ ಬಂಕಿನಲ್ಲಿ ಮಾರಾಟ ಶುರುವಾಯಿತು. ಮರುವರ್ಷವೇ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಐವರು ಕಾರ್ಮಿಕರು ಸೀಸದ ವಿಷಕ್ಕೆ ಬುದ್ಧಿ ಕಲಕಿ ಸತ್ತರು. ಆದರೂ ಅದು ದಶಕಗಟ್ಟಲೆ ಮುಂದುವರಿಯಿತು. ಬೀದಿಯ ಗಾಳಿ ಕುಡಿದ ಮಕ್ಕಳ ಮಿದುಳಿಗೆ ಅದರ ಪೆಟ್ಟು ಬಿತ್ತು. ಭಾರತ ಸೀಸದ ಪೆಟ್ರೋಲನ್ನು ಬಿಟ್ಟದ್ದು 2000ದಲ್ಲಿ, ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯಾ ಬಿಟ್ಟದ್ದು 2021ರಲ್ಲಿ. ಇಂದು ಸಂಸ್ಕರಣಾಗಾರಗಳು ಸೀಸವಿಲ್ಲದೆಯೇ ಆಕ್ಟೇನ್ ಏರಿಸುತ್ತವೆ, ಅದಕ್ಕೂ ಹೆಚ್ಚಿನ ಕಾವು, ಹೆಚ್ಚಿನ ಕಚ್ಚಾ ಎಣ್ಣೆ ಬೇಕು. ಹೀಗೆ ಕಷ್ಟಪಟ್ಟು ಪಡೆದ ಗುಣವನ್ನು ಅದರ ಅಗತ್ಯವೇ ಇಲ್ಲದ ಟ್ಯಾಂಕಿಗೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಮೈಲೇಜ್ ಬೇಕೆನ್ನುವವರಿಗೆ ಜಿಟಿ86 ಇನ್ನೊಂದು ಪಾಠವನ್ನೂ ಹೇಳುತ್ತದೆ. ಅಮೆರಿಕದಲ್ಲಿ ಸಯಾನ್ ಎಂಬ ಹೆಸರಿನಲ್ಲಿ ಮಾರಿದ ಇದೇ ಕಾರಿಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟ ಒಟ್ಟಾರೆ ಮೈಲೇಜ್, ಮ್ಯಾನ್ಯುಯಲ್ ಗೇರಿನಲ್ಲಿ ಗ್ಯಾಲನ್ನಿಗೆ 25 ಮೈಲಿ, ಆಟೊಮ್ಯಾಟಿಕ್‌ನಲ್ಲಿ 28. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 10.6 ಮತ್ತು 11.9 ಕಿ.ಮೀ. ಎಂಜಿನ್ ಅದೇ, ಪೆಟ್ರೋಲ್ ಅದೇ. ಗೇರ್‌ಬಾಕ್ಸ್ ಒಂದೇ ಶೇ 12ರ ಅಂತರ ತಂದಿತು. ಇನ್ನು ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ನಿಂದ 120ಕ್ಕೆ ಹೋದರೆ ಅದು ಎರಡೂಕಾಲು ಪಟ್ಟು. ಟೈರಿನ ಗಾಳಿ, ಬಲಗಾಲಿನ ಹದ, ಹೆದ್ದಾರಿಯ ವೇಗ ಇವು ಮೂರೂ ಸೇರಿ ಮಾಡುವ ವ್ಯತ್ಯಾಸದ ಮುಂದೆ 95ಕ್ಕೂ 100ಕ್ಕೂ ಇರುವ ವ್ಯತ್ಯಾಸ ಸಣ್ಣದು.

ನಂಬಿಕೆಗಿಂತ ಲೆಕ್ಕ ಮೇಲು. ಪ್ರತಿ ಸಲ ಒಂದೇ ಬಂಕಿನಲ್ಲಿ, ಪಂಪ್ ತಾನಾಗಿ ನಿಲ್ಲುವ ತನಕ ಟ್ಯಾಂಕ್ ಫುಲ್ ಮಾಡಿಸಿ, ಓಡೊಮೀಟರ್ ಬರೆದಿಟ್ಟುಕೊಂಡು, ಕೆಲವು ಟ್ಯಾಂಕುಗಳ ಸರಾಸರಿ ತೆಗೆಯಿರಿ. ಆಮೇಲೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದರ ಬದಲು ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ನೋಡಿ. ಲೀಟರಿಗೆ 100 ರೂಪಾಯಿಯ ಪೆಟ್ರೋಲಿನಲ್ಲಿ 10 ಕಿ.ಮೀ. ಓಡುವ ಕೂಪೆ ಎಂದಿಟ್ಟುಕೊಳ್ಳಿ. ಲೀಟರಿಗೆ 107 ರೂಪಾಯಿ ಕೊಟ್ಟರೆ ಅದು 10.7 ಕಿ.ಮೀ. ಓಡಬೇಕು, ಹೆಚ್ಚು ಆಕ್ಟೇನನ್ನೇ ನೆಚ್ಚಿ ಕಟ್ಟಿದ ಎಂಜಿನ್ ಅಲ್ಲಿಗೆ ಮುಟ್ಟಲೂಬಹುದು. 100 ಆಕ್ಟೇನಿಗೆಂದು 160 ರೂಪಾಯಿ ಕೊಟ್ಟರೆ 16 ಕಿ.ಮೀ. ಓಡಬೇಕು. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಸುತ್ತು ಹೊಡೆಯಲೆಂದು 100 ಆಕ್ಟೇನಿಗೇ ಟ್ಯೂನ್ ಮಾಡಿಸಿದ ಕಾರಿಗೆ ಆ ಪೆಟ್ರೋಲ್ ಬೇಕೇ ಬೇಕು, ಅಲ್ಲಿ ಯಾರೂ ಮೈಲೇಜ್ ಕೇಳುವುದಿಲ್ಲ. ಆಫೀಸಿಗೆ ಹೋಗಿಬರುವ ಕೂಪೆಗೆ ಮುಚ್ಚಳದ ಚೀಟಿಯಲ್ಲಿ 95 ಎಂದಿದ್ದರೆ 95 ಹಾಕಿಸಿ, 98 ಎಂದಿದ್ದರೆ ಅದಕ್ಕೆ ಕಡಿಮೆಯಿಲ್ಲದ್ದನ್ನು ಹುಡುಕಿ ಹಾಕಿಸಿ.