ದಿನದ ಧಮ್ಮ ಚಿಂತನೆ: ಸೋಮಾರಿ ಕಣ್ಣು



ಇವತ್ತು ಬರೆಯುವ ಸರದಿ ನನ್ನದು. ಧಮ್ಮಪದದ ಮೊದಲ ಗಾಥೆಯ ಬಗ್ಗೆ ಬರೆಯುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಅದನ್ನೇ ಬರೆಯುತ್ತೇನೆ, ಆದರೆ ನನ್ನ ಮಗಳ ಕಣ್ಣಿನಿಂದ ಶುರು ಮಾಡಬೇಕಾಗಿದೆ.

ಅವಳಿಗೆ ಆರು ವರ್ಷ, ಒಂದನೇ ತರಗತಿ. ಓದಲು ಕೂರಿಸಿದರೆ ಹತ್ತು ನಿಮಿಷಕ್ಕೆ ತಲೆನೋವು ಅನ್ನುತ್ತಿದ್ದಳು. ಕಣ್ಣು ಉಜ್ಜುವಳು, ಸಾಲು ತಪ್ಪಿಸುವಳು, 'ಪ'ವನ್ನು 'ವ' ಎಂದು ಓದುವಳು. ಆಟಕ್ಕೆ ಬಿಟ್ಟರೆ ತಲೆನೋವು ಮಾಯ. ಇದು ನೆಪ ಎಂದುಕೊಂಡೆ. ಶಾಲೆಯಲ್ಲೂ 'ಗಮನ ಕೊಡಲ್ಲ' ಎಂದರು. ಕಣ್ಣಿನ ಯೋಚನೆ ಹೊಳೆಯಲೇ ಇಲ್ಲ. ಯಾಕೆಂದರೆ ದೂರದಲ್ಲಿ ಬರುವ ಬಸ್ಸಿನ ನಂಬರನ್ನು ನನಗಿಂತ ಮೊದಲು ಹೇಳುತ್ತಿದ್ದವಳು ಅವಳೇ. ಒಂದು ರಾತ್ರಿ ಒಂದೇ ಪದವನ್ನು ಮೂರು ಸಲ ತಪ್ಪು ಓದಿದಾಗ 'ಸೋಮಾರಿ' ಎಂದು ಬೈದು ತಲೆಗೆ ಮೊಟಕಿದೆ. ಅಳಲಿಲ್ಲ. ಪುಸ್ತಕ ಮುಚ್ಚಿ ಅಜ್ಜಿಯ ಪಕ್ಕ ಹೋಗಿ ಮಲಗಿದಳು.

ಆಮೇಲೆ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಯವರು ಬಂದರು. ಬಲಗಣ್ಣು ಮುಚ್ಚಿದಾಗಲೆಲ್ಲ ಇವಳು ಕೈಯ ಸಂದಿಯಿಂದ ಇಣುಕುತ್ತಿದ್ದಳಂತೆ. ಆಟವಾಡುತ್ತಿದ್ದಾಳೆ ಎಂದು ಬಿಟ್ಟುಬಿಡಬಹುದಿತ್ತು. ಆ ತಂಡದ ಒಬ್ಬ ಹೆಣ್ಣುಮಗಳು ಬಿಡಲಿಲ್ಲ, ಚೀಟಿ ಬರೆದು ಕಳಿಸಿದರು. ಅವರ ಹೆಸರು ನನಗೆ ಗೊತ್ತಿಲ್ಲ. ಅವರಿಗೆ ಒಳ್ಳೆಯದಾಗಲಿ.

ಕಣ್ಣಿಗೆ ಹನಿ ಹಾಕಿ ಪರೀಕ್ಷಿಸಿದ ಡಾಕ್ಟರು ಹೇಳಿದ್ದು ಇಷ್ಟು: ಎರಡೂ ಕಣ್ಣಿಗೆ ಪ್ಲಸ್ ಪವರ್, ಬಲಕ್ಕೆ 2.5, ಎಡಕ್ಕೆ 5.5. ಮಕ್ಕಳ ಕಣ್ಣಿನ ಮಸೂರ ಮೆತ್ತಗಿರುವುದರಿಂದ ಅದನ್ನು ಬಿಗಿ ಮಾಡಿಕೊಂಡು ದೂರದ್ದನ್ನು ಹೇಗೋ ನೋಡಿಬಿಡುತ್ತಾರೆ. ಹತ್ತಿರದ ಅಕ್ಷರಕ್ಕೆ ಇನ್ನೂ ಹೆಚ್ಚು ಬಿಗಿ ಬೇಕು, ಅದಕ್ಕೇ ಆ ತಲೆನೋವು. ಅಂದರೆ ನಾನು ಸೋಮಾರಿ ಎಂದ ಮಗು ಒಂದೊಂದು ಸಾಲಿಗೂ ತನ್ನ ಓರಗೆಯ ಮಕ್ಕಳಿಗಿಂತ ಹೆಚ್ಚು ದುಡಿಯುತ್ತಿತ್ತು. ಎಡಗಣ್ಣಿಗೆ ಎಷ್ಟು ದುಡಿದರೂ ಚಿತ್ರ ಮಸುಕೇ. ಮಸುಕು ಚಿತ್ರ ಬೇಡವೆಂದು ಮೆದುಳು ಆ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟಿದೆ. ಇದಕ್ಕೆ ಆಂಬ್ಲಿಯೋಪಿಯಾ ಎಂದು ಹೆಸರು. 'ಜನ ಲೇಜಿ ಐ ಅಂತಾರೆ, ಸೋಮಾರಿ ಕಣ್ಣು' ಎಂದರು ಡಾಕ್ಟರು. ನಾನು ತಲೆ ತಗ್ಗಿಸಿದೆ.

ಆ ಕಣ್ಣು ಸೋಮಾರಿಯಲ್ಲ. ಅದಕ್ಕೆ ಯಾರೂ ಸ್ಪಷ್ಟವಾದ ಒಂದು ಚಿತ್ರವನ್ನು ಕೊಟ್ಟಿರಲಿಲ್ಲ, ಅಷ್ಟೇ. ಇಂಥ ಮಾತು ನಮಗೆ ಹೊಸದೇನು? 'ನಿಮ್ಮ ಜನಕ್ಕೆ ಓದು ಹತ್ತಲ್ಲ' ಎಂಬುದನ್ನು ನನ್ನ ಅಪ್ಪನೂ ಕೇಳಿಸಿಕೊಂಡವರು. ಸಾತಾರಾದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತ ಹುಡುಗನ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಹೇಳುವ ನಾನೇ ಮನೆಯೊಳಗೆ ಆ ಮಾತನ್ನು ಎತ್ತಿಕೊಂಡಿದ್ದೆ.

ಮನೆಗೆ ಬಂದಾಗ ಅವ್ವ, 'ಹಿಂದಿನ ಜನ್ಮದಲ್ಲಿ ಏನು ಮಾಡಿತ್ತೋ ಕೂಸು' ಎಂದಳು. ಸಿಟ್ಟು ನೆತ್ತಿಗೇರಿತು. ದೀಕ್ಷೆ ಪಡೆದ ಮನೆ, 22 ಪ್ರತಿಜ್ಞೆಗಳು ಗೋಡೆಯ ಮೇಲಿವೆ, ಇನ್ನೂ ಇದೇ ಮಾತೇ ಎಂದು ರೇಗಿದೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮದ ವಾದವನ್ನು ಯಾಕೆ ತಳ್ಳಿಹಾಕಿದರು ಎಂದು ಪಾಠವನ್ನೂ ಮಾಡಿದೆ: ಬಡವರ, ಕೆಳಗೆ ತಳ್ಳಲ್ಪಟ್ಟವರ ಸ್ಥಿತಿಗೆ ಸಮಾಜ ತನ್ನ ಹೊಣೆಯನ್ನು ಕಳಚಿಕೊಳ್ಳಲು ಅದು ದಾರಿ ಮಾಡಿಕೊಡುತ್ತದೆ ಎಂದು. ಅವ್ವ ಸುಮ್ಮನೆ ಕೇಳಿದಳು. ಹೇಳಿ ಮುಗಿಸಿದ ಮೇಲೆ ನನಗೇ ಅನ್ನಿಸಿತು, ಅವ್ವನ 'ಹಿಂದಿನ ಜನ್ಮ'ಕ್ಕೂ ನನ್ನ 'ಸೋಮಾರಿ'ಗೂ ಏನು ವ್ಯತ್ಯಾಸ? ಇಬ್ಬರೂ ಕಾರಣವನ್ನು ಮಗುವಿನೊಳಗೇ ಇಟ್ಟು ಕೈ ತೊಳೆದುಕೊಂಡಿದ್ದೆವು.

ಇನ್ನು ಗಾಥೆ. ಅದರ ಹಿಂದೆ ಅಟ್ಟಕಥೆಯವರು ಹೇಳುವ ಚಕ್ಖುಪಾಲ ಥೇರನ ಕಥೆ ನಿಮಗೆ ಗೊತ್ತು. ಕುರುಡ ಭಿಕ್ಖು ಮಳೆ ಬಂದು ನಿಂತ ಮೇಲೆ ನಡೆದಾಡುತ್ತಾನೆ, ಕಾಲಡಿಯಲ್ಲಿ ಹುಳುಗಳು ಸಾಯುತ್ತವೆ, ಬೇರೆ ಭಿಕ್ಖುಗಳು ದೂರು ತರುತ್ತಾರೆ. ಅವನು ಕೊಲ್ಲುವುದನ್ನು ನೀವು ನೋಡಿದಿರಾ ಎಂದು ಭಗವಾನರು ಕೇಳುತ್ತಾರೆ. ಇಲ್ಲ ಎನ್ನುತ್ತಾರೆ. ನೀವು ಅವನನ್ನು ನೋಡದ ಹಾಗೆಯೇ ಅವನು ಹುಳುಗಳನ್ನು ನೋಡಲಿಲ್ಲ, ಕೊಲ್ಲುವ ಉದ್ದೇಶವಿಲ್ಲದವನಿಗೆ ದೋಷವಿಲ್ಲ ಎನ್ನುತ್ತಾರೆ. ಕಥೆಯ ಎರಡನೇ ಅರ್ಧದಲ್ಲಿ ಅವನ ಕುರುಡಿಗೆ ಹಿಂದಿನ ಜನ್ಮದ ಪಾಪ ಕಾರಣ ಎಂದೂ ಬರುತ್ತದೆ. ಆ ಅರ್ಧವನ್ನು ನಾನು ಬಿಡುತ್ತೇನೆ. ನನಗೆ ಬೇಕಾದದ್ದು ಮೊದಲ ಅರ್ಧ. ನಿಜ ಹೇಳಬೇಕೆಂದರೆ ಸ್ವಾರ್ಥಕ್ಕೆ ಬೇಕಾಗಿತ್ತು: ನನಗೂ ಗೊತ್ತಿರಲಿಲ್ಲ, ಉದ್ದೇಶ ಕೆಟ್ಟದ್ದಲ್ಲ, ಹಾಗಾದರೆ ನಾನು ತಪ್ಪಿತಸ್ಥನೇ?

ಎರಡು ರಾತ್ರಿ ಯೋಚಿಸಿದೆ. ಆ ಥೇರನಿಗೆ ಕಣ್ಣಿರಲಿಲ್ಲ. ನನಗೆ ಇದೆ. ಹುಳುಗಳು ಅವನಿಗೆ ಏನೂ ಹೇಳಲಿಲ್ಲ. ನನ್ನ ಮಗಳು ತಲೆನೋವು ಎಂದು ತಿಂಗಳುಗಟ್ಟಲೆ ಹೇಳಿದಳು. ಗೊತ್ತಿಲ್ಲದಿರುವುದು ಒಂದು, ತಿಳಿದುಕೊಳ್ಳುವ ಗೋಜಿಗೇ ಹೋಗದಿರುವುದು ಇನ್ನೊಂದು. ಆ ಕಥೆಯ ನೆರಳಿನಲ್ಲಿ ನನಗೆ ಜಾಗವಿಲ್ಲ.

'ಒಂದು ಕಣ್ಣಲ್ಲಿ ಸರಿಯಾಗಿ ಕಾಣಲ್ಲ ಅಂತ ಯಾಕೆ ಹೇಳಲಿಲ್ಲ ಕಂದ?' ಎಂದು ಕೇಳಿದ್ದೆ. 'ಎಲ್ರಿಗೂ ಹಂಗೇ ಅಲ್ವಾ ಅಪ್ಪ?' ಎಂದಳು. ಹುಟ್ಟಿದಾಗಿನಿಂದ ಕಂಡದ್ದೇ ಹಾಗೆ. ಹೋಲಿಸಿ ನೋಡಲು ಅವಳ ಬಳಿ ಬೇರೆ ಕಣ್ಣಿರಲಿಲ್ಲ. ಕೇಳಬೇಕಾಗಿದ್ದವರು ದೊಡ್ಡವರು.

ಈಗ ದಿನವಿಡೀ ಕನ್ನಡಕ, ಜೊತೆಗೆ ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿದರೆ ಮೆದುಳು ಎಡಗಣ್ಣನ್ನು ಕೇಳಲೇಬೇಕಾಗುತ್ತದೆ. ಏಳೆಂಟು ವರ್ಷದೊಳಗೆ ಶುರು ಮಾಡಿದರೆ ಫಲ ಹೆಚ್ಚು, ತಡವಾದಷ್ಟೂ ಕಷ್ಟ. ಎರಡೂ ಕಣ್ಣಿಗೆ ಕನ್ನಡಕ ಕೊಟ್ಟ ಮೇಲೆ ಪಟ್ಟಿ ಯಾಕೆ ಎಂದು ನಾನೂ ಕೇಳಿದ್ದೆ. ಕೆಲವು ಸಲ ಕನ್ನಡಕವೊಂದೇ ಸಾಕಾಗುತ್ತದೆ, ಇವಳಿಗೆ ಸಾಲದು ಎಂದರು ಡಾಕ್ಟರು. ಇಷ್ಟು ದಿನ ಬಿಟ್ಟುಬಿಟ್ಟ ಕಣ್ಣು ಕಲಿಯುವುದಕ್ಕೆ ಹೆಚ್ಚಿನ ಅವಕಾಶ ಬೇಕಂತೆ. ಮೀಸಲಾತಿಯ ಬಗ್ಗೆ ಆಫೀಸಿನಲ್ಲಿ ವಾದ ಮಾಡುವವರು ನೆನಪಾದರು. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಆದರೂ ಎರಡು ಕಣ್ಣೂ ಒಂದೇ ಮುಖದವು ಎಂಬುದಷ್ಟನ್ನು ಅವರಿಗೆ ಹೇಳಬೇಕು.

ಪಕ್ಕದ ಮನೆಯವರು 'ಹೆಣ್ಣು ಮಗು, ಇಷ್ಟು ಬೇಗ ಕನ್ನಡಕವೇ' ಎಂದು ಮರುಗಿದರು. ಅವರಿಗೆ ಟೀ ಕೊಟ್ಟು ಕಳಿಸಿದೆವು. ಮಗಳಿಗೂ ಕನ್ನಡಕ ಇಷ್ಟವಿಲ್ಲ. ಬಾಬಾಸಾಹೇಬರ ಫೋಟೋ ತೋರಿಸಿದೆ. 'ಅವರು ದೊಡ್ಡವರು' ಎಂದು ಮುಖ ತಿರುಗಿಸಿದಳು. ನಾನೂ ಒತ್ತಾಯಿಸಲಿಲ್ಲ. ಹಾಕಿಕೊಂಡರೆ ಅಕ್ಷರ ಅಲ್ಲಾಡಲ್ಲ ಎಂದು ನಾಲ್ಕನೇ ದಿನ ಅವಳೇ ಹೇಳಿದಳು.

ಮೊನ್ನೆ ಪಟ್ಟಿ ಅಂಟಿಸುತ್ತಾ, 'ಆವತ್ತು ಬೈದು ಮೊಟಕಿದ್ದು ನನ್ನ ತಪ್ಪು ಕಂದ' ಎಂದೆ.

'ಯಾವತ್ತು?' ಎಂದಳು.

ಬೈದದ್ದು ಒಂದು ದಿನವಲ್ಲ ಎಂಬುದು ಆಗ ನೆನಪಾಯಿತು. ಏನು ಹೇಳಬೇಕೋ ತಿಳಿಯದೆ ಪಕ್ಕದಲ್ಲಿ ಕೂತೆ. ಅವಳು ಬೆರಳಿಟ್ಟುಕೊಂಡು ಎಡಗಣ್ಣಿನಲ್ಲಿ ಓದುತ್ತಿದ್ದಳು, ಬಹಳ ನಿಧಾನ, 'ಪ' ಬಂದಲ್ಲಿ 'ಪ' ಎಂದೇ.

ಜೈ ಭೀಮ್.